ನಿಲ್ಲಿಸಿದ ಜಾಗವನ್ನು ಮರೆಯುವ ಮ್ಯೂಸಿಕ್ ಪ್ಲೇಯರ್: ಒಂದು ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಸ್ಕ್ರೀನ್ ಇಲ್ಲದ ಮ್ಯೂಸಿಕ್ ಪ್ಲೇಯರ್‌ನ ಹೊಸ ಅಪ್‌ಡೇಟ್‌ನಿಂದ ಆಗಿರುವ ತೊಂದರೆ ಮತ್ತು ಬ್ಯಾಟರಿ ದುರಸ್ತಿಯ ಕುರಿತು

ಮಾನ್ಯರೇ,

ನಿಮ್ಮ ಕಂಪನಿಯ ಐದು ಗುಂಡಿಗಳ ಪುಟ್ಟ ಪ್ಲೇಯರನ್ನು ಹದಿನಾಲ್ಕು ತಿಂಗಳಿಂದ ಬಳಸುತ್ತಿದ್ದೇನೆ. ಕಳೆದ ತಿಂಗಳು ನೀವು ಕೊಟ್ಟ ಅಪ್‌ಡೇಟ್ ಹಾಕಿದ ದಿನದಿಂದ ಅದು ನಿಲ್ಲಿಸಿದ ಜಾಗವನ್ನು ಮರೆಯುತ್ತಿದೆ. ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಮೊದಲ ಫೋಲ್ಡರಿನ ಮೊದಲ ಹಾಡಿಗೇ ಹೋಗಿ ನಿಲ್ಲುತ್ತದೆ. ಸಹಾಯವಾಣಿಗೆ ಎರಡು ಸಲ ಕರೆ ಮಾಡಿದೆ, ಒಂದು ಸಲ ಇಮೇಲ್ ಬರೆದೆ. ಮೂರು ಸಲವೂ ಒಂದೇ ಉತ್ತರ: "ಇದು ದೋಷವಲ್ಲ, ಸರಳ ವಿನ್ಯಾಸದ ಭಾಗ." ಆ ಉತ್ತರವನ್ನು ಒಪ್ಪಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಸರಳ ವಿನ್ಯಾಸದ ಬಗ್ಗೆ ನನ್ನ ತಕರಾರಿಲ್ಲ. ಅದಕ್ಕಾಗಿಯೇ ಇದನ್ನು ಕೊಂಡೆ. ಫೋನಿನಲ್ಲಿ ಹಾಡು ಬದಲಿಸಲು ಹೋದರೆ ಯಾವುದೋ ಮೆಸೇಜ್ ಕಣ್ಣಿಗೆ ಬಿದ್ದು ಅರ್ಧ ಗಂಟೆ ಎಲ್ಲೋ ಕಳೆದುಹೋಗುತ್ತದೆ. ಇದರಲ್ಲಿ ಆ ಕಾಟವಿಲ್ಲ. ಕಂಪ್ಯೂಟರಿಗೆ ಸಿಕ್ಕಿಸಿದರೆ ಪೆನ್‌ಡ್ರೈವಿನಂತೆ ತೆರೆದುಕೊಳ್ಳುತ್ತದೆ, ಹಾಡುಗಳನ್ನು ಎಳೆದು ಹಾಕಿದರೆ ಕೆಲಸ ಮುಗಿಯಿತು. ಖಾತೆ ಬೇಡ, ಪಾಸ್‌ವರ್ಡ್ ಬೇಡ, ಇಂಟರ್‌ನೆಟ್ ಬೇಡ. 128 ಕೆಬಿಪಿಎಸ್ ಗುಣಮಟ್ಟದ ಎಂಪಿ3 ಹಾಡು ನಿಮಿಷಕ್ಕೆ ಸುಮಾರು 1 ಎಂಬಿ ಹಿಡಿಯುವುದರಿಂದ ಇದರ 8 ಜಿಬಿಯಲ್ಲಿ ನೂರು ಗಂಟೆಗೂ ಮೀರಿ ತುಂಬಬಹುದು. ನನಗೆ ಅಷ್ಟು ಧಾರಾಳ ಸಾಕು. ಸ್ಕ್ರೀನ್ ಇಲ್ಲದ ಮೇಲೆ ಹಾಡಿನ ಹೆಸರು ಕಾಣದು, ಹುಡುಕಲು ಬಾರದು. ಅದು ಗೊತ್ತಿದ್ದೇ ಕೊಂಡದ್ದು.

ನನಗಿಂತ ಹೆಚ್ಚಾಗಿ ಇದನ್ನು ಬಳಸುತ್ತಿದ್ದವರು ನನ್ನ ಅಮ್ಮ. ಅವರಿಗೆ ಕಣ್ಣು ಮಂಜು. ಟಚ್ ಸ್ಕ್ರೀನ್ ಅವರ ಕೈಗೆ ಒಗ್ಗಲೇ ಇಲ್ಲ. ಈ ಪ್ಲೇಯರ್‌ನ ನಡುಗುಂಡಿಯ ಮೇಲಿರುವ ಸಣ್ಣ ಉಬ್ಬು ಬೆರಳಿಗೆ ಸಿಕ್ಕಿತು, ಒಂದೇ ದಿನದಲ್ಲಿ ಕಲಿತರು. ಓದಿ ಧ್ವನಿಮುದ್ರಿಸಿದ ಕಾದಂಬರಿಗಳನ್ನು ಹಾಕಿಕೊಡುತ್ತಿದ್ದೆ. ಮಲಗುವ ಮುಂಚೆ ಒಂದಿಷ್ಟು ಕೇಳುತ್ತಿದ್ದರು, ನಿದ್ದೆ ಬಂದಾಗ ಆಫ್ ಮಾಡುತ್ತಿದ್ದರು, ಮರುದಿನ ಆನ್ ಮಾಡಿದರೆ ಕಥೆ ಅಲ್ಲಿಂದಲೇ ಮುಂದುವರಿಯುತ್ತಿತ್ತು. ಯಾರ ಸಹಾಯವೂ ಬೇಕಿರಲಿಲ್ಲ. ಅವರ ಮಟ್ಟಿಗೆ ಈ ಯಂತ್ರದ ಬೆಲೆಯೆಲ್ಲ ಅದರಲ್ಲೇ ಇತ್ತು.

ಈಗ ಒಂಬತ್ತು ಗಂಟೆಯ ಕಾದಂಬರಿ ಪ್ರತಿರಾತ್ರಿ ಮೊದಲ ವಾಕ್ಯದಿಂದ ಶುರುವಾಗುತ್ತದೆ. ಸ್ಕ್ರೀನ್ ಇದ್ದಿದ್ದರೆ ಬೆರಳಿನಿಂದ ಸರಿಸಿ ನಾಲ್ಕನೆಯ ಗಂಟೆಗೆ ಹೋಗಬಹುದಿತ್ತು. ಇಲ್ಲಿ ಮುಂದಿನ ಗುಂಡಿಯನ್ನು ಒತ್ತಿ ಹಿಡಿದುಕೊಂಡು, ಅಂದಾಜಿನ ಮೇಲೆ ಬಿಟ್ಟು, ಕೇಳಿ, ಮತ್ತೆ ಒತ್ತಬೇಕು. ಅಮ್ಮ ನಾಲ್ಕು ರಾತ್ರಿ ಪ್ರಯತ್ನಿಸಿದರು. ಐದನೆಯ ರಾತ್ರಿ ಪ್ಲೇಯರನ್ನು ನನ್ನ ಕೈಗೆ ಕೊಟ್ಟು "ನೀನೇ ಇಟ್ಕೋ, ನನ್ಗೆ ಬೇಡ" ಅಂದರು. ನೀವು ಕೈಬಿಟ್ಟದ್ದು ಎಷ್ಟು ಸಣ್ಣದೆಂದು ಯೋಚಿಸಿ: ಯಾವ ಫೈಲು, ಎಷ್ಟನೆಯ ಸೆಕೆಂಡು, ಇವೆರಡನ್ನು ಬರೆದಿಡಲು ಹತ್ತಿಪ್ಪತ್ತು ಬೈಟ್ ಸಾಕು. ಸ್ಕ್ರೀನ್ ಇರುವ ಯಂತ್ರಕ್ಕಿಂತ ಇಲ್ಲದ ಯಂತ್ರಕ್ಕೇ ಈ ನೆನಪು ಹೆಚ್ಚು ಬೇಕು.

2009ರಲ್ಲಿ ಆಪಲ್ ಕಂಪನಿ ಸ್ಕ್ರೀನ್ ಇಲ್ಲದ ತನ್ನ ಪುಟ್ಟ ಪ್ಲೇಯರ್ ಐಪಾಡ್ ಷಫಲ್‌ನಿಂದ ಹಾಡು ಬದಲಿಸುವ ಗುಂಡಿಗಳನ್ನೇ ತೆಗೆದು ಇಯರ್‌ಫೋನಿನ ತಂತಿಗೆ ಸಾಗಿಸಿತ್ತು. 2010ರ ಮಾದರಿಯಲ್ಲಿ ಗುಂಡಿಗಳು ಯಂತ್ರದ ಮೇಲೆಯೇ ಮರಳಿ ಬಂದವು. ತೆಗೆದದ್ದನ್ನು ಮತ್ತೆ ಜೋಡಿಸುವುದರಲ್ಲಿ ಅವಮಾನವೇನೂ ಇಲ್ಲ. ನಿಮಗಂತೂ ಹೊಸ ಅಚ್ಚು ಮಾಡಿಸುವ ಖರ್ಚೂ ಇಲ್ಲ, ಇದು ಬರೀ ಸಾಫ್ಟ್‌ವೇರ್.

ಅದೇ ಅಪ್‌ಡೇಟ್ ಇನ್ನೊಂದನ್ನೂ ಕೆಡಿಸಿದೆ. ಮೊದಲು ಹಾಡುಗಳು ಫೈಲಿನ ಹೆಸರಿನ ಕ್ರಮದಲ್ಲಿ ಬರುತ್ತಿದ್ದವು, 01, 02 ಎಂದು ಹೆಸರಿಟ್ಟರೆ ಸಾಕಿತ್ತು. ಈಗ ಕಂಪ್ಯೂಟರಿನಿಂದ ನಕಲಾದ ಕ್ರಮದಲ್ಲಿ ಬರುತ್ತವೆ. ಆರನೆಯ ಅಧ್ಯಾಯದ ಹಿಂದೆಯೇ ಎರಡನೆಯದು. ಜೊತೆಗೆ ಎರಡು ಹಾಡುಗಳ ನಡುವೆ ಅರ್ಧ ಸೆಕೆಂಡಿನ ಮೌನ ಸೇರಿಕೊಂಡಿದೆ. ಎಂಪಿ3 ಫೈಲಿನ ತುದಿಗಳಲ್ಲಿ ಸ್ವಲ್ಪ ಮೌನ ಉಳಿಯುತ್ತದೆ ಎಂದು ನಿಮ್ಮ ಸಿಬ್ಬಂದಿ ವಿವರಿಸಿದರು. ನಿಜ, ಆದರೆ ಅದು ಮಿಲಿಸೆಕೆಂಡುಗಳ ಲೆಕ್ಕ. ಅಂಥ ತುಂಬುಮೌನವೇ ಇಲ್ಲದ ಫ್ಲ್ಯಾಕ್ ಎಂಬ ಇನ್ನೊಂದು ಬಗೆಯ ಹಾಡಿನ ಫೈಲುಗಳಲ್ಲೂ ಇಷ್ಟೇ ಅಂತರ ಬರುತ್ತಿದೆ. ನಿಲ್ಲದೆ ಸಾಗುವ ಸಂಗೀತ ಕಛೇರಿಯ ಧ್ವನಿಮುದ್ರಣದಲ್ಲಿ ಸ್ವರದ ನಡುವೆಯೇ ಕತ್ತರಿ ಬಿದ್ದಂತಾಗುತ್ತದೆ.

ಬ್ಯಾಟರಿಯದು ಬೇರೆಯೇ ಸಂಗತಿ. ಕೊಂಡ ಹೊಸತರಲ್ಲಿ ಹದಿನೈದು ಗಂಟೆ ಬರುತ್ತಿತ್ತು, ಈಗ ಒಂಬತ್ತು. ಲಿಥಿಯಂ-ಅಯಾನ್ ಬ್ಯಾಟರಿ ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಕಸುವು ಕಳೆದುಕೊಳ್ಳುವುದು ಸಹಜ, ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಆದರೆ ಬದಲಿಸಿಕೊಡಿ ಎಂದರೆ "ಕವಚ ಅಂಟಿಸಿದ್ದು, ಹೊಸ ಪ್ಲೇಯರ್ ಕೊಳ್ಳಿ" ಎನ್ನುತ್ತೀರಿ. ಯುರೋಪಿಯನ್ ಒಕ್ಕೂಟದ 2023ರ ನಿಯಮದಂತೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 2027ರ ಫೆಬ್ರುವರಿ 18ರಿಂದ ಇಂಥ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ಬಿಚ್ಚಿ ಬದಲಿಸುವಂತಿರಬೇಕು. ಅಲ್ಲಿ ಮಾರಲಿಕ್ಕಾದರೂ ನೀವು ದಾರಿ ಹುಡುಕಲೇಬೇಕು. ಈಗಾಗಲೇ ಕೊಂಡವರಿಗೂ ಆ ದಾರಿ ತೆರೆಯಿರಿ.

ನಾನು ಕೇಳುವುದಿಷ್ಟು. ನಿಲ್ಲಿಸಿದ ಜಾಗದ ನೆನಪನ್ನೂ ಹೆಸರಿನ ಕ್ರಮವನ್ನೂ ಮುಂದಿನ ಅಪ್‌ಡೇಟಿನಲ್ಲಿ ಮರಳಿಸಿ. ಅದು ತಡವಾಗುವುದಾದರೆ ಹಳೆಯ ಸಾಫ್ಟ್‌ವೇರನ್ನು ಡೌನ್‌ಲೋಡ್ ಮಾಡಿಕೊಳ್ಳಲು ಈಗಲೇ ಕೊಡಿ, ನಾನೇ ಹಾಕಿಕೊಳ್ಳುತ್ತೇನೆ. ಬ್ಯಾಟರಿಯನ್ನು ನ್ಯಾಯವಾದ ಶುಲ್ಕ ಪಡೆದು ಬದಲಿಸಿಕೊಡಿ. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಖರೀದಿಯ ರಸೀದಿ ಮತ್ತು ನಿಮ್ಮ ಇಮೇಲ್ ಉತ್ತರದ ಪ್ರತಿಗಳನ್ನು ಲಗತ್ತಿಸಿದ್ದೇನೆ. ಅಮ್ಮನ ಕಾದಂಬರಿ ನಾಲ್ಕನೆಯ ಗಂಟೆಯಲ್ಲಿ ನಿಂತಿದೆ.

ಇತಿ,
ನಿಮ್ಮ ಗ್ರಾಹಕ