ರೈನ್ ನದಿಯ ಒಡಲಲ್ಲಿ ನಡೆದು ಬಂದೆ

ಮೈಂಜ್, ಜರ್ಮನಿ
18 ಆಗಸ್ಟ್ 2022

ತೀರ್ಥರೂಪರಾದ ಅಪ್ಪನಿಗೆ, ಅಮ್ಮನಿಗೆ, ಅಜ್ಜಿಗೆ ನಮಸ್ಕಾರಗಳು. ಪುಟ್ಟನಿಗೆ ಪ್ರೀತಿ.

ನಾನಿಲ್ಲಿ ಚೆನ್ನಾಗಿದ್ದೇನೆ. ವಾರಕ್ಕೆ ಎರಡು ಸಲ ಫೋನಿನಲ್ಲಿ ಮಾತಾಡಿದರೂ ಅಜ್ಜಿಗೆ ಕಾಗದವೇ ಬರಬೇಕು. ಫೋನಿನಲ್ಲಿ ಅಜ್ಜಿಗೆ ಅರ್ಧ ಕೇಳುವುದಿಲ್ಲ. ಕಾಗದವಾದರೆ ಮತ್ತೆ ಮತ್ತೆ ಓದಿಸಿಕೊಳ್ಳಬಹುದು. ಪುಟ್ಟಾ, ಗಡಿಬಿಡಿ ಮಾಡದೆ ಜೋರಾಗಿ ಓದು.

ನೀನು ಕಳಿಸಿದ ತುಂಗೆಯ ವಿಡಿಯೊ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಆ ಕೆಂಪು ನೀರು, ಕಮಾನು ಸೇತುವೆಯ ಕೆಳಗಿನ ಸೆಳೆತ, ರಾಮಮಂಟಪದ ನೆತ್ತಿ ಮಾತ್ರ ಕಾಣುವುದು. ಹಿಂದೆ ಯಾರೋ 'ಇವತ್ತು ರಾತ್ರಿಗೆ ಪೂರ್ತಿ ಮುಳುಗ್ತದೆ' ಅನ್ನುತ್ತಾರಲ್ಲ, ಅದನ್ನು ಕೇಳಿದಾಗ ಮನೆಯ ಜಗಲಿಯಲ್ಲೇ ಕೂತ ಹಾಗಾಯಿತು. ಅಪ್ಪ ಪೇಟೆಯಿಂದ ಬಂದು ಕೊಡೆ ಮಡಚುತ್ತಾ ಮೊದಲು ಹೇಳುತ್ತಿದ್ದದ್ದೇ ಅದು ಅಲ್ವಾ? ಮಂಟಪ ಕಾಣುತ್ತಿದೆಯೋ ಇಲ್ಲವೋ. ಬಾಕಿ ಸುದ್ದಿ ಆಮೇಲೆ.

ಇಲ್ಲಿಯೂ ಈಗ ಹಾಗೇ ಆಗಿದೆ, ಆದರೆ ತಲೆಕೆಳಗು. ಎಲ್ಲರೂ ನದಿಯ ಅಳತೆ ಕೇಳುತ್ತಿದ್ದಾರೆ. ನೀರು ಎಷ್ಟು ಏರಿತು ಅಂತಲ್ಲ, ಎಷ್ಟು ಇಳಿಯಿತು ಅಂತ.

ನಮ್ಮ ಊರಿನಿಂದ ಕೆಳಗೆ, ನದಿ ಹರಿಯುವ ದಿಕ್ಕಿನಲ್ಲಿ, ಕೌಬ್ ಅಂತ ಒಂದು ಸಣ್ಣ ಊರಿದೆ. ಅಲ್ಲಿ ರೈನ್ ನದಿಗೆ ಅಳತೆಪಟ್ಟಿ ಇಟ್ಟಿದ್ದಾರೆ. ಹಡಗುಗಳಿಗೆ ಅದೇ ಜಾಗ ಇಕ್ಕಟ್ಟು. ಪೂರ್ತಿ ಸರಕು ತುಂಬಿದ ಹಡಗು ದಾಟಬೇಕಾದರೆ ಆ ಪಟ್ಟಿಯಲ್ಲಿ ಸುಮಾರು 150 ಸೆಂಟಿಮೀಟರ್ ಇರಬೇಕಂತೆ. ಈ ವಾರ 40ಕ್ಕಿಂತ ಕೆಳಗೆ ಹೋಗಿದೆ. ಅಂದರೆ ನದಿಯಲ್ಲಿ ಮೊಣಕಾಲುದ್ದ ನೀರು ಅಂತಲ್ಲ, ಅಪ್ಪ. ಹಡಗು ಹೋಗುವ ದಾರಿಯ ಆಳ ಅದಕ್ಕಿಂತ ಒಂದು ಮೀಟರಿಗೂ ಜಾಸ್ತಿ ಇರುತ್ತದೆ. ಆದರೂ ಹಡಗುಗಳು ಮೂರನೇ ಒಂದು ಪಾಲೋ ಕಾಲು ಪಾಲೋ ಸರಕು ಹೊತ್ತು ತೆವಳುತ್ತಿವೆ. 2018ರ ಅಕ್ಟೋಬರಿನಲ್ಲಿ 25ಕ್ಕೆ ಇಳಿದಿತ್ತಂತೆ, ಅದೇ ದಾಖಲೆ. ಆದರೆ ಅದು ಅಕ್ಟೋಬರ್. ಈಗಿನ್ನೂ ಆಗಸ್ಟ್. ಆಫೀಸಿನಲ್ಲಿ ಬೆಳಿಗ್ಗೆ ಕಾಫಿ ಕುಡಿಯುವಾಗ ಒಬ್ಬರಲ್ಲ ಒಬ್ಬರು ಕೌಬ್‌ನ ಅಂಕಿ ಹೇಳುತ್ತಾರೆ. ನನಗೆ ಪ್ರತಿ ಸಲ ಅಪ್ಪನ ಕೊಡೆ ನೆನಪಾಗುತ್ತದೆ.

ಹೋದ ಭಾನುವಾರ ನೋಡಿಯೇ ಬರೋಣ ಅಂತ ಬಿಂಗನ್‌ಗೆ ಹೋದೆ. ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಅಲ್ಲಿ ನದಿಯ ನಡುವೆ ಪುಟ್ಟ ದ್ವೀಪ, ಅದರ ಮೇಲೊಂದು ಹಳದಿ ಬಣ್ಣದ ಗೋಪುರ. ಇಲಿ ಗೋಪುರ ಅಂತ ಹೆಸರು. ಬೇರೆ ವರ್ಷಗಳಲ್ಲಿ ದಡದಲ್ಲಿ ನಿಂತು ನೋಡುವುದಷ್ಟೇ. ಈ ಸಲ ಜನ ನಡೆದುಕೊಂಡು ಹೋಗುತ್ತಿದ್ದರು, ಮಕ್ಕಳು, ನಾಯಿಗಳು ಎಲ್ಲ. ನಾನೂ ಇಳಿದೆ.

ಅಪ್ಪ, ಏನು ಹೇಳಲಿ. ನದಿಯ ಒಡಲಲ್ಲಿ ನಡೆಯುವುದು ಸರಿಯಲ್ಲ ಅನ್ನಿಸಿತು. ಮಲಗಿರುವವರನ್ನು ದಾಟಿ ಹೋದ ಹಾಗೆ. ಕಾಲಡಿ ಉರುಟು ಕಲ್ಲುಗಳು. ಮೇಲ್ಭಾಗ ಒಣಗಿ ಬೆಳ್ಳಗೆ, ತಿರುವಿ ಹಾಕಿದರೆ ಅಡಿಯಲ್ಲಿ ಇನ್ನೂ ಹಸಿರು ಪಾಚಿ. ಕಲ್ಲಿನ ಸಂದಿಯಲ್ಲಿ ಚಿಪ್ಪುಗಳು, ಸಾವಿರ ಸಾವಿರ. ಉಗುರಿನಷ್ಟು ಅಗಲ, ಹಳದಿ ಕಂದು ಬಣ್ಣ, ಮೇಲೆ ಸಾಲು ಸಾಲು ಗೆರೆ. ಎಲ್ಲವೂ ಬಾಯಿ ತೆರೆದು ಒಣಗಿದ್ದವು. ಒಂದು ತೇವದ ಗುಂಡಿಯಲ್ಲಿ ಮಾತ್ರ ಕೆಲವು ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದವು. ಒಂದು ಹುಡುಗಿ, ಏಳೆಂಟು ವರ್ಷ ಇರಬೇಕು, ಅವನ್ನು ಒಂದೊಂದಾಗಿ ಆರಿಸಿ ಹರಿಯುವ ನೀರಿಗೆ ಹಾಕುತ್ತಿತ್ತು. ಅವಳ ಅಪ್ಪ ಕರೆದರೂ ಬರಲಿಲ್ಲ. ನಾನೂ ಅವಳ ಜೊತೆ ಕೂತು ಒಂದಿಷ್ಟು ಹಾಕಿದೆ. ಈ ಚಿಪ್ಪುಗಳ ಮೂಲ ನಮ್ಮ ಏಷ್ಯಾವಂತೆ. ಹಡಗಿನ ನೀರಿನ ಜೊತೆ ಬಂದು ಇಲ್ಲಿಯವೇ ಆಗಿಬಿಟ್ಟಿವೆ.

ಅಜ್ಜೀ, ಆ ಗೋಪುರದ ಕತೆ ಕೇಳು. ಒಂದಾನೊಂದು ಕಾಲದಲ್ಲಿ ನಮ್ಮ ಮೈಂಜಿನಲ್ಲಿ ಹಾಟ್ಟೊ ಅಂತ ಒಬ್ಬ ದೊಡ್ಡ ಪಾದ್ರಿ ಇದ್ದನಂತೆ. ಬರಗಾಲ ಬಂತು. ಅವನ ಕಣಜ ತುಂಬಿತ್ತು, ಕೊಡಲಿಲ್ಲ. ಹಸಿದವರು ಬಂದು ಕೇಳಿದಾಗ ಕೊಡುತ್ತೇನೆ ಅಂತ ಹೇಳಿ ಕೊಟ್ಟಿಗೆಯೊಳಗೆ ಕೂಡಿಹಾಕಿ ಬೆಂಕಿ ಇಟ್ಟನಂತೆ. ಅವರ ಕೂಗನ್ನು ಕೇಳಿ 'ಇಲಿಗಳು ಕಿಚಿಕಿಚಿ ಅನ್ನುತ್ತಿವೆ' ಅಂದನಂತೆ. ಆಮೇಲೆ ನಿಜವಾಗಿಯೂ ಇಲಿಗಳು ಬಂದವು. ಅವನು ನದಿಯ ನಡುವಿನ ಗೋಪುರಕ್ಕೆ ಓಡಿದ. ಇಲಿಗಳು ಈಜಿಕೊಂಡು ಹೋಗಿ ಅವನನ್ನು ತಿಂದು ಹಾಕಿದವು. ಇದು ಕತೆ. ನಿಜವಾಗಿ ಆ ಗೋಪುರದಿಂದ 1974ರವರೆಗೆ ಹಡಗುಗಳಿಗೆ ಸಿಗ್ನಲ್ ತೋರಿಸುತ್ತಿದ್ದರು. ಆದರೆ ಒಣ ನದಿಯಲ್ಲಿ ನಿಂತು ಬರಗಾಲದ ಕತೆ ನೆನೆದರೆ ಮೈ ಜುಮ್ಮೆನ್ನುತ್ತದೆ. ಅಲ್ಲಿಗೆ ಹೋಗಲು ಈ ಸಲ ಇಲಿಗಳೂ ಈಜಬೇಕಾಗಿಲ್ಲ.

ಪಕ್ಕದ ಚೆಕ್ ದೇಶದಲ್ಲಿ ಎಲ್ಬೆ ಅಂತ ಇನ್ನೊಂದು ನದಿ. ದೆಚಿನ್ ಎಂಬ ಊರಿನ ಹತ್ತಿರ ಅದರ ತಳದಲ್ಲಿ ಒಂದು ಬಂಡೆಗಲ್ಲಿದೆ. ನೀರು ತೀರಾ ಇಳಿದಾಗ ಮಾತ್ರ ಕಾಣುತ್ತದೆ. ಹಸಿವಿನ ಕಲ್ಲು ಅನ್ನುತ್ತಾರೆ. ಹಿಂದಿನವರು ಅದರ ಮೇಲೆ ಬರಗಾಲದ ಇಸವಿಗಳನ್ನು ಕೆತ್ತಿದ್ದಾರೆ, ಓದಲು ಸಿಗುವುದರಲ್ಲಿ ಹಳೆಯದು 1616. ಜೊತೆಗೆ ಒಂದು ಸಾಲು: 'ನನ್ನನ್ನು ಕಂಡರೆ ಅಳು.' ಅದರ ಫೋಟೊ ಈ ತಿಂಗಳು ಎಲ್ಲ ಕಡೆ ಓಡಾಡುತ್ತಿದೆ. ನಮ್ಮಲ್ಲಿ ಕಲ್ಲು ಮುಳುಗಿದರೆ ಹೆದರಿಕೆ, ಇಲ್ಲಿ ಕಲ್ಲು ಎದ್ದರೆ ಹೆದರಿಕೆ.

ಅಮ್ಮಾ, ಸೆಕೆಯ ಬಗ್ಗೆ ಕೇಳುತ್ತಿದ್ದೆಯಲ್ಲ. ನಿಮ್ಮಲ್ಲಿ ಪುನರ್ವಸು ಮುಗಿದು ಪುಷ್ಯ ಮಳೆ ಹಿಡಿಯುವ ಹೊತ್ತಿಗೆ ಇಲ್ಲಿ ಬೆಂಕಿ. ಜುಲೈ 19ಕ್ಕೆ ಇಂಗ್ಲೆಂಡಿನಲ್ಲಿ 40.3 ಡಿಗ್ರಿ. ಆ ದೇಶದಲ್ಲಿ 40 ದಾಟಿದ್ದು ಅದೇ ಮೊದಲು. ಮರುದಿನ ಇಲ್ಲಿಯ ಹ್ಯಾಂಬರ್ಗ್‌ನಲ್ಲಿ 40.1, ಅದು ಸಮುದ್ರದ ಕಡೆಯ ತಂಪು ಊರು. ರಾಯಚೂರು, ಕಲಬುರಗಿಯವರಿಗೆ ಇದು ದೊಡ್ಡದಲ್ಲ ಅನ್ನಿಸಬಹುದು. ಆದರೆ ಇಲ್ಲಿಯ ಮನೆಗಳನ್ನು ಕಟ್ಟಿದ್ದೇ ಚಳಿಗೆ. ದಪ್ಪ ಗೋಡೆ, ಎರಡು ಪದರದ ಗಾಜು, ಸೀಲಿಂಗ್ ಫ್ಯಾನ್ ಇಲ್ಲವೇ ಇಲ್ಲ. ಒಳಗೆ ಬಂದ ಬಿಸಿ ಹೊರಗೆ ಹೋಗುವುದಿಲ್ಲ. ನನ್ನದು ಮಾಡಿನ ಕೆಳಗಿನ ಮನೆ ಬೇರೆ. ಕೆಳಗಿನ ಮನೆಯ ಅಜ್ಜಿ ಕಲಿಸಿಕೊಟ್ಟರು: ಬೆಳಿಗ್ಗೆ ಐದಕ್ಕೆ ಎಲ್ಲ ಕಿಟಕಿ ತೆರೆಯಬೇಕು, ಎಂಟಕ್ಕೆ ಮುಚ್ಚಿ ಹೊರಗಿನ ಶಟರ್ ಪೂರ್ತಿ ಇಳಿಸಬೇಕು, ಸಂಜೆವರೆಗೆ ಕತ್ತಲಲ್ಲೇ ಇರಬೇಕು. ನಿಜಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ. ಮಜ್ಜಿಗೆ ಮಾಡಿಕೊಳ್ಳುತ್ತೇನೆ, ಶುಂಠಿ ಜಜ್ಜಿ ಹಾಕಿ. ಚಿಂತೆ ಮಾಡಬೇಡ.

ಆ ಅಜ್ಜಿಯ ಬಗ್ಗೆ ಇನ್ನೊಂದು ಹೇಳಬೇಕು. ನಮ್ಮ ಬೀದಿಯಲ್ಲಿ ಲಿಂಡೆನ್ ಮರಗಳಿವೆ. ಜೂನ್‌ನಲ್ಲಿ ಹೂ ಬಿಟ್ಟಾಗ ಇಡೀ ಬೀದಿ ಜೇನಿನ ಪರಿಮಳ, ಮರದ ಕೆಳಗೆ ನಿಂತರೆ ಜೇನುಹುಳದ ಸದ್ದು. ಈಗ ಅದೇ ಮರಗಳು ಎಲೆ ಉದುರಿಸುತ್ತಿವೆ. ಹಳದಿಯಾಗಿ ಅಲ್ಲ, ಸುಟ್ಟು ಸುರುಟಿಕೊಂಡು. ಹೊಸದಾಗಿ ನೆಟ್ಟ ಒಂದು ಎಳೆ ಮರ ನಮ್ಮ ಬಾಗಿಲ ಎದುರಿಗಿದೆ. ಅಜ್ಜಿ ದಿನಾ ಸಂಜೆ ಎರಡು ಬಕೆಟ್ ನೀರು ಹೊತ್ತು ತಂದು ಅದರ ಬುಡಕ್ಕೆ ಹಾಕುತ್ತಾರೆ. ಎಂಬತ್ತು ದಾಟಿದ ಜೀವ. ತರಕಾರಿ ತೊಳೆದ ನೀರನ್ನೂ ಚೆಲ್ಲುವುದಿಲ್ಲ. ಈಗ ಬಕೆಟ್ ನಾನು ಹೊರುತ್ತೇನೆ, ಅವರು ಪಕ್ಕದಲ್ಲಿ ನಿಂತು ನಿಧಾನ ನಿಧಾನ ಅನ್ನುತ್ತಾರೆ. ಒಮ್ಮೆಲೇ ಹೊಯ್ದರೆ ಒಣ ಮಣ್ಣು ನೀರು ಕುಡಿಯುವುದಿಲ್ಲ, ಹರಿದು ಹೋಗುತ್ತದೆ. ಮೊದಲು ಸ್ವಲ್ಪ ತೋಯಿಸಿ, ಅದು ಮೆತ್ತಗಾದ ಮೇಲೆ ಉಳಿದದ್ದು. ಅಮ್ಮ ತುಳಸಿಗೆ ಹಾಕುವ ಹಾಗೇ.

ಮೇ ತಿಂಗಳಲ್ಲಿ ಬಂದ ಬಾನಾಡಿಗಳೂ ಹೊರಟುಹೋದವು. ಕುಡುಗೋಲಿನಂಥ ರೆಕ್ಕೆ, ಸಂಜೆ ಇಡೀ ಕೀರಲು ಸದ್ದು ಮಾಡುತ್ತಾ ಮಾಡಿನ ಮೇಲೆ ಸುತ್ತುತ್ತಿದ್ದವು. ಆಗಸ್ಟ್ ಮೊದಲ ವಾರ ಒಂದು ಸಂಜೆ ಕಿಟಕಿ ತೆರೆದರೆ ಬರೀ ಮೌನ. ಆಫ್ರಿಕಾದ ದಾರಿ ಹಿಡಿದಿದ್ದವು. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆ ದಾಟಿದರೂ ಮುಳುಗದ ಸೂರ್ಯ ಈಗ ಎಂಟೂ ಮುಕ್ಕಾಲರೊಳಗೆ ಮುಳುಗುತ್ತಾನೆ.

ಅಪ್ಪ, ಇದು ನಿಮಗೆ. ಬಿಂಗನ್‌ನಲ್ಲಿ ಗುಡ್ಡದ ತುಂಬ ದ್ರಾಕ್ಷಿ ತೋಟ. ಒಬ್ಬ ರೈತರು ಟ್ಯಾಂಕರ್‌ನಿಂದ ಎಳೆ ಬಳ್ಳಿಗಳಿಗೆ ನೀರು ಬಿಡುತ್ತಿದ್ದರು. ನಮ್ಮದು ಅಡಿಕೆ ತೋಟ ಅಂದೆ. ಮಾತು ಬೆಳೆಯಿತು. ಹಳೆ ಬಳ್ಳಿಯ ಬೇರು ಆಳಕ್ಕಿಳಿದಿದೆ, ಅದು ತಡೆಯುತ್ತದೆ, ಎರಡು ಮೂರು ವರ್ಷದ ಬಳ್ಳಿಯದ್ದೇ ಚಿಂತೆ ಅಂದರು. ಮಳೆ ಇಲ್ಲದ್ದರಿಂದ ಈ ವರ್ಷ ಎಲೆಗೆ ಬೂಷ್ಟು ರೋಗವೇ ಇಲ್ಲ, ಔಷಧಿ ಹೊಡೆಯುವ ಕೆಲಸ ಕಡಿಮೆ. ಯಾವ ಔಷಧಿ ಅಂತ ಕೇಳಿದರೆ ತಾಮ್ರದ್ದು ಅಂದರು! ನಮ್ಮ ಮೈಲುತುತ್ತ, ಸುಣ್ಣದ ಬೋರ್ಡೊ ದ್ರಾವಣವೇ. ಬೋರ್ಡೊ ಅನ್ನುವುದು ಫ್ರಾನ್ಸಿನ ದ್ರಾಕ್ಷಿ ಸೀಮೆಯ ಹೆಸರು ಅಂತ ನನಗೆ ಆವತ್ತೇ ಹೊಳೆದದ್ದು. 1880ರ ದಶಕದಲ್ಲಿ ಅಲ್ಲಿ ದ್ರಾಕ್ಷಿಗೆ ಅಂತ ಹುಟ್ಟಿದ ದ್ರಾವಣ ಅದು. 1910ರ ಹೊತ್ತಿಗೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಡಾ. ಕೋಲ್ಮನ್ ಅವರು ನಮ್ಮ ಮಲೆನಾಡಿನ ಅಡಿಕೆಯ ಕೊಳೆ ರೋಗಕ್ಕೆ ಅದನ್ನೇ ಹೇಳಿಕೊಟ್ಟರು. ನೀವು ಡ್ರಮ್ಮಿನಲ್ಲಿ ಕೋಲು ಹಾಕಿ ತಿರುಗಿಸುವ ಆ ನೀಲಿ ನೀರು ಇಲ್ಲಿಯ ಗುಡ್ಡಗಳಿಂದ ಅಷ್ಟೇನೂ ದೂರದ್ದಲ್ಲ. ಮರದ ತುದಿಗೆ ಹತ್ತಿ ಹೊಡೆಯುತ್ತೇವೆ ಅಂದಾಗ ಅವರು ಟ್ಯಾಂಕರ್ ನಿಲ್ಲಿಸಿ ಕೇಳಿದರು. ಎರಡನೇ ಔಷಧಿ ಆಯಿತಾ? ಮಳೆ ಬಿಡುವು ಕೊಟ್ಟಿತಾ? ಮರ ಹತ್ತುವವರು ಸಿಕ್ಕರಾ? ಬರೆಯಿರಿ.

ಇಷ್ಟೆಲ್ಲ ಓಡಾಟ ಹೇಗೆ ಅಂತ ಅಮ್ಮ ಕೇಳುತ್ತಾಳೆ. ಉಕ್ರೇನ್ ಯುದ್ಧದಿಂದ ಎಲ್ಲದರ ಬೆಲೆ ಏರಿದೆ ಅಂತ ಸರ್ಕಾರ ಜೂನ್, ಜುಲೈ, ಆಗಸ್ಟ್ ಮೂರು ತಿಂಗಳಿಗೆ ಒಂದು ಟಿಕೆಟ್ ತಂದಿದೆ. ತಿಂಗಳಿಗೆ 9 ಯೂರೊ, ನಮ್ಮ ಏಳುನೂರು ಚಿಲ್ಲರೆ ರೂಪಾಯಿ. ದೂರದ ವೇಗದ ರೈಲು ಬಿಟ್ಟು ದೇಶದ ಎಲ್ಲ ಲೋಕಲ್ ರೈಲು, ಟ್ರ್ಯಾಮ್, ಬಸ್ಸಿನಲ್ಲಿ ಓಡಾಡಬಹುದು. ರೈಲುಗಳಲ್ಲಿ ಕಾಲಿಡಲು ಜಾಗವಿಲ್ಲ. ಒಂದು ಶನಿವಾರ ಎಸಿ ಕೆಟ್ಟ ಬೋಗಿಯಲ್ಲಿ ಮುಕ್ಕಾಲು ಗಂಟೆ ನಡುದಾರಿಯಲ್ಲಿ ನಿಂತೆವು. ಆದರೂ ಈ ಟಿಕೆಟ್ ನನಗೆ ತುಂಬಾ ಇಷ್ಟ. ಎದುರಿಗೆ ಕೂತಿದ್ದ ಒಬ್ಬ ಅಮ್ಮ ಮೂರು ಮಕ್ಕಳ ಜೊತೆ ರಜೆಗೆ ಹೊರಟಿದ್ದೇ ಮೊದಲ ಸಲ ಅಂದರು. ಅವರ ಬುತ್ತಿ ಡಬ್ಬಿಯಲ್ಲಿ ಹೆಚ್ಚಿದ ಸೌತೆಕಾಯಿ, ಬ್ರೆಡ್ಡು. ನನಗೂ ಕೊಟ್ಟರು.

ಯುದ್ಧದ ಬಿಸಿ ಇಲ್ಲಿ ಚೆನ್ನಾಗಿಯೇ ತಟ್ಟಿದೆ. ಏಪ್ರಿಲ್‌ನಲ್ಲಿ ಅಂಗಡಿಗಳಲ್ಲಿ ಸೂರ್ಯಕಾಂತಿ ಎಣ್ಣೆ ಒಬ್ಬರಿಗೆ ಇಷ್ಟೇ ಬಾಟಲಿ ಅಂತ ಚೀಟಿ ಅಂಟಿಸಿದ್ದರು. ರಷ್ಯಾದಿಂದ ಕೊಳವೆಯಲ್ಲಿ ಬರುವ ಗ್ಯಾಸ್ ಜುಲೈ ಕೊನೆಯಿಂದ ಐದನೇ ಒಂದು ಪಾಲಿಗೆ ಇಳಿದಿದೆ. ಬರ್ಲಿನ್‌ನಲ್ಲಿ ದೊಡ್ಡ ದೊಡ್ಡ ಕಟ್ಟಡಗಳ ರಾತ್ರಿ ದೀಪ ಆರಿಸಿದ್ದಾರೆ. ಗ್ಯಾಸ್ ಇಲ್ಲದಿದ್ದರೆ ಕಲ್ಲಿದ್ದಲು ಸುಡೋಣ ಅಂದರೆ ಆ ಕಲ್ಲಿದ್ದಲು ಬರಬೇಕಾದ್ದು ಇದೇ ರೈನ್ ನದಿಯ ಹಡಗಿನಲ್ಲಿ! ಚಳಿಗಾಲದ ಬಿಲ್ಲಿಗೆ ಅಂತ ಈಗಿಂದಲೇ ಸ್ವಲ್ಪ ಸ್ವಲ್ಪ ತೆಗೆದಿಡುತ್ತಿದ್ದೇನೆ. ಸ್ವೆಟರ್ ಹೆಣೆದು ಕಳಿಸುತ್ತೇನೆ ಅಂದಿದ್ದೆಯಲ್ಲ ಅಮ್ಮ, ಈ ಸಲ ಬೇಡ ಅನ್ನುವುದಿಲ್ಲ.

ಮಾಡಿನ ಮೇಲೆ ಬಾವುಟ ಕಟ್ಟಿದ ಫೋಟೊ ಸಿಕ್ಕಿತು. ಸ್ವಾತಂತ್ರ್ಯಕ್ಕೆ ಎಪ್ಪತ್ತೈದು ವರ್ಷ! ಅಜ್ಜಿ ಪಕ್ಕದಲ್ಲಿ ಕಂಬಳಿ ಹೊದ್ದು ನಿಂತದ್ದು ನೋಡಿ ಕಣ್ಣು ತುಂಬಿ ಬಂತು.

ಟಿಕೆಟ್ ಮುಗಿಯುವುದು 31ಕ್ಕೆ, ಸರಿಯಾಗಿ ಗಣೇಶನ ಹಬ್ಬದ ದಿನ. ಅದಕ್ಕೆ ಮುಂಚೆ ಒಂದು ಭಾನುವಾರ ಕೋಬ್ಲೆಂಜ್‌ಗೆ ಹೋಗುತ್ತೇನೆ. ಅಲ್ಲಿ ಮೊಸೆಲ್ ನದಿ ರೈನ್‌ಗೆ ಸೇರುತ್ತದೆ, ನಮ್ಮ ಕೂಡ್ಲಿಯ ಹಾಗೆ. ಎರಡು ನೀರಿನ ಬಣ್ಣ ಬೇರೆ ಬೇರೆ ಕಾಣುತ್ತದೆಯಾ ನೋಡಿ ಬರೆಯುತ್ತೇನೆ. ಗೌರಿ ಬಾಗಿನದಲ್ಲಿ ನನ್ನ ಹೆಸರಿನದ್ದೂ ಒಂದು ಇಡು, ಅಮ್ಮ.

ಮಘೆ ಮಳೆ ಹೇಗಿದೆ? ಮಂಟಪ ಕಾಣುತ್ತಿದೆಯಾ? ಪುಟ್ಟಾ, ದಿನಾ ಬೆಳಿಗ್ಗೆ ಸೇತುವೆ ಮೇಲಿಂದ ಒಂದು ಫೋಟೊ ಕಳಿಸು. ನಾನು ಕೌಬ್‌ನ ಅಂಕಿ ಕಳಿಸುತ್ತೇನೆ.

ಲಕೋಟೆಯೊಳಗೆ ಹತ್ತಿಯಲ್ಲಿ ಸುತ್ತಿ ಒಂದು ಚಿಪ್ಪು ಇಟ್ಟಿದ್ದೇನೆ, ರೈನ್ ತಳದಲ್ಲಿ ಸಿಕ್ಕಿದ್ದು. ಒಡೆಯದೆ ಬಂದರೆ ಅಜ್ಜಿಯ ಕೈಗೆ ಕೊಡು. ಬೆರಳಿನಿಂದ ಗೆರೆಗಳನ್ನು ಸವರಿ ನೋಡಲಿ.

ಇಂತಿ ನಿಮ್ಮ ಪ್ರೀತಿಯ ಮಗಳು