ಕ್ಯಾಮೆರಾ ಮನವಿಗೆ ಸಹಿ ಹಾಕುವ ಮೊದಲು

ಎಲ್ಲರಿಗೂ ನಮಸ್ಕಾರ. ಕಾರವಾರದ ರವಿವಾರದ ಸಂತೆಯಲ್ಲಿ ಮೊಬೈಲ್ ಕಳವು ಜಾಸ್ತಿಯಾಗಿದೆ, ಮುಖ ಗುರುತಿಸುವ ಕ್ಯಾಮೆರಾ ಹಾಕಿಸಿ ಎಂಬ ಮನವಿ ಗುಂಪಿನಲ್ಲಿ ಓಡಾಡುತ್ತಿದೆ. ಸಾದಾ ಸಿಸಿಟಿವಿಗೆ ನನ್ನ ತಕರಾರಿಲ್ಲ. ಇದು ಬೇರೆ. ಬಂಗಡೆ ಕೊಳ್ಳಲು ಬಂದವರ ಮುಖವನ್ನೂ ಅಳೆದು ಪೊಲೀಸರ ಪಟ್ಟಿಯ ಜೊತೆ ತಾಳೆ ನೋಡುತ್ತದೆ. ಸಿಗುವುದು ಹೋಲಿಕೆಯ ಅಂದಾಜು ಮಾತ್ರ. 80% ಮೇಲಿದ್ದರೆ ತಾಳೆಯಾಯಿತು ಎಂದೇ ಹಿಡಿಯುತ್ತೇವೆ ಅಂತ ದಿಲ್ಲಿ ಪೊಲೀಸರು 2022ರಲ್ಲಿ ಮಾಹಿತಿ ಹಕ್ಕಿನಡಿ ಉತ್ತರಿಸಿದ್ದರು! 2020ರಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು ರಾಬರ್ಟ್ ವಿಲಿಯಮ್ಸ್ ಎಂಬವರನ್ನು ಇಂಥ ತಪ್ಪು ತಾಳೆಯಿಂದಲೇ ಹೆಂಡತಿ, ಮಕ್ಕಳ ಕಣ್ಣೆದುರು ಕೋಳ ತೊಡಿಸಿ ಒಯ್ದರು. ರಾತ್ರಿಯಿಡೀ ಲಾಕಪ್ಪು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ (ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು). ಆದರೆ ನಮ್ಮ ವೈಯಕ್ತಿಕ ಮಾಹಿತಿಯನ್ನು ಕಾಯಬೇಕಾದ 2023ರ ದತ್ತಾಂಶ ಕಾಯ್ದೆಯಲ್ಲಿ ಅಪರಾಧ ತನಿಖೆಗೆ ದೊಡ್ಡ ವಿನಾಯಿತಿ ಇದೆ.

ಹಾಗಾಗಿ ಮನವಿಗೆ ಇಷ್ಟು ಸೇರಿಸೋಣ: ಪಟ್ಟಿಯಲ್ಲಿ ಯಾರ ಫೋಟೊ ಇರುತ್ತದೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂದು ಬರೆದು ಕೊಡಬೇಕು, ಬರೀ ತಾಳೆ ನೋಡಿ ಯಾರನ್ನೂ ಹಿಡಿಯಬಾರದು. ಒಪ್ಪದವರು ಶನಿವಾರದೊಳಗೆ ಇಲ್ಲೇ ಹೇಳಿ. ಮತ್ತೆ, ‘ಇವನೇ ಕಳ್ಳ’ ಎಂದು ಫೋಟೊ ಹಾಕುವುದನ್ನು ದಯವಿಟ್ಟು ನಿಲ್ಲಿಸಿ, ಕಂಡಕೂಡಲೇ ಅಳಿಸುತ್ತೇನೆ.