ಚಿನ್ನಿಯ ಓಟ ಮುಗಿಯಿತು

ಕಳೆದ ವಾರ ಮೈಸೂರಿನಲ್ಲಿ ನಮ್ಮ ರೇಸ್ ಕುದುರೆ ಚಿನ್ನಿ ಕೊನೆಯ ಸಲ ಓಡಿದಳು. ಐದನೆಯವಳಾಗಿ ಬಂದಳು. ರೇಸ್ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿದೆ, ಲಾಯದಲ್ಲಿ ಎಲ್ಲರಿಗೂ ಚಿನ್ನಿ. ಹುಟ್ಟಿದ್ದು ಕುಣಿಗಲ್‌ನಲ್ಲಿ, ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕಿದ ಜಾಗದಲ್ಲಿ. ನಾಲ್ಕು ವರ್ಷ, 26 ಓಟ, 3 ಗೆಲುವು. ಡರ್ಬಿಯಂಥ ದೊಡ್ಡ ಓಟದ ಮಟ್ಟದವಳಲ್ಲ. ಗೆದ್ದಾಗಲೆಲ್ಲ ಮುಂದಿನ ಓಟಕ್ಕೆ ಬೆನ್ನ ಮೇಲೆ ತೂಕ ಜಾಸ್ತಿ ಬೀಳುತ್ತಿತ್ತು. ಹ್ಯಾಂಡಿಕ್ಯಾಪ್ ಅಂದರೆ ಹಾಗೇ ಅಲ್ವಾ, ಎಲ್ಲ ಕುದುರೆಗೂ ಗೆಲ್ಲುವ ಅವಕಾಶ ಸಮ ಇರಲಿ ಅಂತ. ಆದರೂ ಕೊನೆಯ 200 ಮೀಟರ್ ಅವಳು ಓಡುವುದನ್ನು ನಾನು ಕೂತು ನೋಡಿದ್ದೇ ಇಲ್ಲ.

ಟ್ರೈನರ್, ಜಾಕಿಗಳು, ಬೆಳಗಿನ ಜಾವ ಟ್ರ್ಯಾಕ್ ವರ್ಕ್ ಮಾಡಿಸಿದ ಹುಡುಗರು, ಲಾಳ ಹೊಡೆದವರು, ಡಾಕ್ಟರ್, ಜೊತೆಗೆ ಪಾಲು ಹಾಕಿದ ಗೆಳೆಯರು, ಎಲ್ಲರಿಗೂ ಮನಸಾರೆ ಧನ್ಯವಾದ.

ಇನ್ನು ನಮ್ಮ ಸೈಸ್ ಅಣ್ಣ, ಚಿನ್ನಿಯನ್ನು ದಿನವೂ ನೋಡಿಕೊಂಡವರು. "ಹೆಸರು ಹಾಕಬೇಡಿ ಮೇಡಂ" ಅಂದಿದ್ದಾರೆ. ಅಣ್ಣ ಅಂತಲೇ ಬರೆಯುತ್ತೇನೆ.

ಒಂದು ರಾತ್ರಿ ಚಿನ್ನಿಗೆ ಹೊಟ್ಟೆನೋವು ಜೋರಾಯಿತು. ಕುದುರೆಗೆ ಹೊಟ್ಟೆ ಕೆಟ್ಟರೆ ವಾಂತಿ ಮಾಡಿ ಹಗುರಾಗಲು ಬರುವುದಿಲ್ಲ, ಅದರ ದೇಹವೇ ಹಾಗೆ. ನೋವು ತಡೆಯಲಾಗದೆ ಬಿದ್ದು ಹೊರಳುತ್ತದೆ. ಡಾಕ್ಟರ್ ಮದ್ದು ಕೊಟ್ಟು, ಬೆಳಗಿನವರೆಗೆ ನೋಡೋಣ ಅಂದರು. ಅಣ್ಣ ಹಗ್ಗ ಹಿಡಿದರು. ಸ್ವಲ್ಪ ನಡೆಸುವುದು, ನಿಲ್ಲಿಸುವುದು, ಪಕ್ಕೆಗೆ ಕಿವಿ ಇಟ್ಟು ಕರುಳಿನ ಸದ್ದು ಇದೆಯಾ ಅಂತ ಕೇಳುವುದು, ಮತ್ತೆ ನಡೆಸುವುದು. ಅವಳು ಮಂಡಿ ಮಡಚಿದಾಗಲೆಲ್ಲ "ಬೇಡ ಮಗಳೇ, ಇನ್ನೊಂದು ಸುತ್ತು". 1200 ಮೀಟರ್ ಓಟ ಒಂದೂಕಾಲು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅಣ್ಣ ಆರು ಗಂಟೆ ಕಾಲ ಹಗ್ಗ ಬಿಡಲಿಲ್ಲ.

ಎರಡು ಗಂಟೆಗೆ ನಾನು ಹೋಗಿ ಕಾರಿನಲ್ಲಿ ಕೂತೆ. ಅವಳ ಕಣ್ಣು ನೋಡಲು ಆಗಲಿಲ್ಲ. ಸಾಯುವುದಾದರೆ ಬೇಗ ಸಾಯಲಿ ಅಂದುಕೊಂಡೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಬೆಳಕು ಹರಿಯುವಾಗ ಅಣ್ಣ ಕಾರಿನ ಗಾಜು ತಟ್ಟಿದರು. "ಲದ್ದಿ ಹಾಕಿದಳು ಮೇಡಂ." ಅಷ್ಟೇ ಹೇಳಿದ್ದು. ಅಂಗೈಯಲ್ಲಿ ಹಗ್ಗದ ಬರೆ ಕೆಂಪಗೆ ಎದ್ದಿತ್ತು. ನಾನು ಎಲ್ಲಿದ್ದೆ ಅಂತ ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಮೂರರಲ್ಲಿ ಎರಡು ಗೆಲುವು ಆ ರಾತ್ರಿಯ ನಂತರದವು. ಗೆದ್ದ ಕುದುರೆಯನ್ನು ಮಾಲೀಕರು ಹಿಡಿದು ಕರೆತರುವುದು ರೂಢಿ. ನಮ್ಮ ಮನೆಯಲ್ಲಿರುವ ಮೂರೂ ಫೋಟೊದಲ್ಲಿ ಲಗಾಮು ಹಿಡಿದು ನಗುತ್ತಿರುವುದು ನಾನು. ಅಣ್ಣ ಆಚೆ ಬದಿಯಲ್ಲಿದ್ದಾರೆ, ಕುದುರೆಯ ಕತ್ತಿನ ಮರೆಯಲ್ಲಿ, ಒಂದರಲ್ಲಿ ಬರೀ ಕೈ ಕಾಣುತ್ತದೆ. ಅದಕ್ಕೇ ನಿನ್ನೆ ಇನ್ನೊಂದು ಫೋಟೊ ತೆಗೆಸಿದೆವು. ಅವರು ಮತ್ತು ಚಿನ್ನಿ ಮಾತ್ರ.

ನಾಳೆ ಅವಳು ಸ್ಟಡ್ ಫಾರ್ಮ್‌ಗೆ ಹೊರಡುತ್ತಾಳೆ. ಇನ್ನು ಮರಿಗಳ ತಾಯಿ. ಅಲ್ಲಿನವರಿಗೆ ಅಣ್ಣ ಫೋನಿನಲ್ಲಿ ಮೂರು ಸಲ ಹೇಳಿದ್ದಾರೆ: ಕ್ಯಾರೆಟ್ ಬಕೆಟ್‌ಗೆ ಹಾಕಿದರೆ ಮುಟ್ಟುವುದಿಲ್ಲ, ಕೈಯಲ್ಲಿ ಕೊಡಬೇಕು.